ಹಿರಿಯರ ಅಳತೆಗೋಲು

೧೯೯೦ರಲ್ಲಿ ಹತ್ತೊಂಬತ್ತರ ಹರೆಯದ ಅನಿಲ್ ಕುಂಬ್ಳೆಯವರು ಮ್ಯಾಂಚೆಸ್ಟರಿನಲ್ಲಿ ಮೊದಲನೆಯ ಟೆಸ್ಟ್ ಪಂದ್ಯವನ್ನಾಡಿದಾಗ, ಮೈಸೂರಿನಲ್ಲಿ ಜನಿಸಿದ ಚಂದ್ರಶೇಖರರ ಆಟವನ್ನು ಕಂಡಿದ್ದವರು ಹೋಲಿಕೆಗೆ ತೊಡಗದಿರುವರೆ? ಇಬ್ಬರೂ ಲೆಗ್‌ಸ್ಪಿನ್ ಬೌಲರುಗಳು. ಇಬ್ಬರ ಚೆಂಡೂ ಆ ವಿದ್ಯೆಯ ರೂಢಿಯನ್ನು ಮೀರಿದ ವೇಗದ್ದು. ಸಾಮ್ಯವು ಅಲ್ಲಿಗೇ ಮುಗಿಯಿತು. ಚಂದ್ರಶೇಖರರ ಬಲಗೈ ಬಾಲ್ಯದ ಪೋಲಿಯೋದಿಂದ ಸೊರಗಿದ್ದಿತು. ಮೈದಾನದಲ್ಲಿ ಚೆಂಡನ್ನು ಹಿಡಿದು ಹಿಂದಿರುಗಿಸುವುದು ಎಡಗೈಯ ಕೆಲಸ. ಆದರೂ ೧೯೭೧ರಲ್ಲಿ ಓವಲಿನಲ್ಲಿ ೩೮ ಓಟಗಳಿಗೆ ೬ ಮಂದಿ ಆಂಗ್ಲರನ್ನು ಕೆಡಹಿದುದು ಆ ಸೊರಗಿದ ಕೈಯೇ. ಕುಂಬ್ಳೆಯವರದು ಎತ್ತರದ ನಿಲುವು, ಬೇಸರವರಿಯದ ನಿಖರತೆ. ‘ಚೆಂಡು ತಿರುಗದು’ ಎಂದು ಹಳೆಯ ಅಳತೆಗೋಲಿನವರು ಗೊಣಗಿದರು. ತಿರುಗದಿರುವುದೂ ಒಂದು ಉಪಾಯವೆಂದು ಅವರಿಗೆ ಹೊಳೆಯಲಿಲ್ಲ. ತರುಣರು ಮುಂದಿನ ಟೆಸ್ಟಿಗಾಗಿ ೧೯೯೨ರವರೆಗೆ ಕಾದರು. ಹಿರಿಯರ ೨೪೨ ವಿಕೆಟ್ಟುಗಳನ್ನು ದಾಟಿ ೬೧೯ನ್ನು ಮುಟ್ಟಿದರು. ೧೯೯೯ರಲ್ಲಿ ದೆಹಲಿಯಲ್ಲಂತೂ ಪಾಕಿಸ್ತಾನದ ಹತ್ತೂ ಮಂದಿ ಒಂದೇ ಸರದಿಯಲ್ಲಿ ಆ ‘ತಿರುಗದ’ ಚೆಂಡಿಗೆ ಬಿದ್ದರು.