ಊರು ಬಿಟ್ಟ ಧಾಟಿಗಳು

ಸೆಲ್ಟಿಕ್ ಫೋಕ್ ಮೆಟಲ್ ಎಂದರೆ ಐರ್ಲೆಂಡ್, ಸ್ಕಾಟ್ಲೆಂಡ್, ಫ್ರಾನ್ಸಿನ ಬ್ರಿಟನಿ ಕಡೆಯ ಜನಪದ ಧಾಟಿಗಳನ್ನು ಹೆವಿ ಮೆಟಲ್ಲಿನ ಗಿಟಾರು, ಡ್ರಮ್ಮುಗಳ ಜೊತೆ ನುಡಿಸುವ ಪದ್ಧತಿ. ಇದಕ್ಕೆ ದಾರಿ ಮಾಡಿದವರಲ್ಲಿ ಐರಿಷರೇ ಮುಂದು. ಡಬ್ಲಿನ್ನಿನ ಥಿನ್ ಲಿಜ್ಜಿ ತಂಡ 1972ರಲ್ಲಿ ‘ವಿಸ್ಕಿ ಇನ್ ದ ಜಾರ್’ ಎಂಬ ಹಳೆಯ ಹಾಡನ್ನು ಎಲೆಕ್ಟ್ರಿಕ್ ಗಿಟಾರಿಗೆ ಒಗ್ಗಿಸಿತ್ತು. ಆದರೂ ಫೋಕ್ ಮೆಟಲ್ಲಿನ ಮೊದಲ ತಂಡ ಎಂದು ಸಾಮಾನ್ಯವಾಗಿ ಹೆಸರಿಸುವುದು ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನ ಸ್ಕೈಕ್ಲಾಡನ್ನು; ಅದರ ಮೊದಲ ಆಲ್ಬಮ್ ಬಂದದ್ದು 1991ರಲ್ಲಿ. ಡಬ್ಲಿನ್ನಿನ ಕ್ರುಆಕನ್ ಹುಟ್ಟಿದ್ದು ಅದರ ಮರುವರ್ಷ.

ಈ ಎರಡು ಸಂಗೀತಗಳು ಜಗಳವಾಡದೆ ಹೊಂದಿಕೊಂಡಿದ್ದು ಹೇಗೆ ಎಂಬುದೇ ಇಲ್ಲಿನ ಸ್ವಾರಸ್ಯ. ಮೆಟಲ್ ಗಿಟಾರಿನ ಬೆನ್ನೆಲುಬು ಪವರ್ ಕಾರ್ಡ್. ಅದರಲ್ಲಿರುವುದು ಷಡ್ಜ, ಪಂಚಮ ಎರಡೇ, ಗಾಂಧಾರವಿಲ್ಲ. ಹಾಗಾಗಿ ಮೇಲೆ ಬರುವ ಧಾಟಿ ಯಾವ ಗಾಂಧಾರ ಹಿಡಿದರೂ ಕೆಳಗಿನಿಂದ ತಕರಾರಿಲ್ಲ. ಐರಿಷ್ ಧಾಟಿಗಳಲ್ಲಿ ಬಹಳಷ್ಟು ನಮ್ಮ ಖರಹರಪ್ರಿಯ, ಹರಿಕಾಂಭೋಜಿಗಳ ಸ್ವರಗಳಲ್ಲೇ ಓಡಾಡುತ್ತವೆ. ಜಿಗ್ ಎಂಬ ಕುಣಿತದ ನಡೆ ತಿಶ್ರ. ಈ ಲೇಖಕನಂತೆ ಪಿಟೀಲು ಪಾಠದಲ್ಲಿ ಬೆಳೆದವರಿಗೆ ಗದ್ದಲದ ಅಡಿಯಲ್ಲಿ ತಂಬೂರಿಯ ಶ್ರುತಿಯೇ ಕೇಳಿಸಿದರೆ ಆಶ್ಚರ್ಯವಿಲ್ಲ. ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿದ ನೋಟುಸ್ವರಗಳನ್ನು ಎಳವೆಯಲ್ಲೇ ನುಡಿಸಿದ ಕೈಗೆ, ಧಾಟಿಯೊಂದು ಊರು ಬಿಟ್ಟು ಬದುಕುವುದು ಹೊಸ ಸಂಗತಿಯೂ ಅಲ್ಲ.

ಇದು ಅಸಲಿ ಐರಿಷ್ ಸಂಗೀತವೇ ಎಂದು ಬೇರಿನ ಮಾತು ಎತ್ತುವವರು ವಾದ್ಯಗಳನ್ನೂ ನೋಡಬೇಕು. ಐರಿಷ್ ಸಂಗೀತದ ಗುರುತೇ ಆಗಿಹೋಗಿರುವ ಆರು ತೂತಿನ ತಗಡಿನ ಕೊಳಲನ್ನು 1843ರಿಂದ ಅಗ್ಗವಾಗಿ ತಯಾರಿಸಿ ಹರಡಿದವನು ರಾಬರ್ಟ್ ಕ್ಲಾರ್ಕ್ ಎಂಬ ಇಂಗ್ಲೆಂಡಿನವನು. ಬೂಜೂಕಿ ಎಂಬ ತಂತಿವಾದ್ಯ ಗ್ರೀಸಿನಿಂದ ಬಂದದ್ದು, ಅದೂ 1960ರ ದಶಕದಲ್ಲಿ.

ವಾದ್ಯಗಳು ಹೊರಗಿನಿಂದ ಬಂದಂತೆ ಧಾಟಿಗಳು ಹೊರಗೂ ಹೋಗಿವೆ. ಬ್ರೆಜಿಲ್ಲಿನ ಮಿನಾಸ್ ಜೆರೈಸ್ ರಾಜ್ಯದ ವಾರ್ಜಿನ್ಯಾ ಕಾಫಿ ವ್ಯಾಪಾರಕ್ಕೂ, 1996ರಲ್ಲಿ ಅನ್ಯಗ್ರಹದ ಜೀವಿ ಕಂಡಿತೆಂಬ ಗುಲ್ಲಿಗೂ ಹೆಸರಾದ ಊರು. ಐರಿಷ್ ಪುರಾಣದ ದೇವಕುಲದ ಹೆಸರಿಟ್ಟುಕೊಂಡ ಟುಆಹಾ ಡೆ ಡನನ್ ತಂಡ ಅಲ್ಲಿಯದು. ಗಿಟಾರು, ಹಾಡುಗಾರಿಕೆಗಳ ಜೊತೆಗೆ ಕೊಳಲನ್ನೂ ನುಡಿಸುವ ಬ್ರೂನೊ ಮಾಯಾ ಅದರ ಮುಂದಾಳು. 2001ರ ‘ಟಿಂಗರಲಟಿಂಗಡುನ್’ ಆಲ್ಬಮ್ಮಿನಲ್ಲಿ ಮುಖ ಗಂಟಿಕ್ಕಿದ ಮೆಟಲ್ ಇಲ್ಲ. ಕುಣಿತ, ಕುಚೋದ್ಯ ಎರಡೂ ಇವೆ. 2020ರಲ್ಲಿ ಈ ತಂಡ ಐರಿಷ್ ಸಾಂಪ್ರದಾಯಿಕ ಹಾಡುಗಳಿಗೇ ಮೀಸಲಾದ ಆಲ್ಬಮ್ ತಂದಿತು. ಅಷ್ಟು ದೂರದಿಂದ ನುಡಿಸುವವರಿಗೆ ಗತ್ತಿನ ಹೊರೆ ಕಡಿಮೆ ಎನಿಸುತ್ತದೆ.

ಸ್ವಿಟ್ಜರ್ಲೆಂಡಿನ ಎಲುವೇಟಿ ಕಥೆ ಬೇರೆ. ಕ್ರಿಗೆಲ್ ಗ್ಲಾನ್ಸ್‌ಮನ್ 2002ರಲ್ಲಿ ಕಟ್ಟಿದ ಈ ತಂಡ ಐರ್ಲೆಂಡಿನಿಂದ ದೂರವೇ ಹೊರತು ಸೆಲ್ಟರಿಂದಲ್ಲ. ಕಬ್ಬಿಣಯುಗದ ಸೆಲ್ಟಿಕ್ ಸಂಸ್ಕೃತಿಗೆ ಪುರಾತತ್ವಜ್ಞರು ಇಟ್ಟ ಲಾ ಟೆನ್ ಎಂಬ ಹೆಸರು ಸ್ವಿಸ್ ಸರೋವರವೊಂದರ ದಡದ ಸ್ಥಳದ್ದು. ತಂಡ ಎಂದೋ ಅಳಿದ ಗಾಲಿಷ್ ಭಾಷೆಯಲ್ಲೂ ಹಾಡುತ್ತದೆ. 2009ರ ‘ಇವೊಕೇಶನ್ 1’ ಬಹುಪಾಲು ಆ ಭಾಷೆಯಲ್ಲೇ ಇದೆ. ಆದರೂ ಅವರ ಅತಿ ಜನಪ್ರಿಯ ಹಾಡು ‘ಇನಿಸ್ ಮೋನಾ’ದ ಧಾಟಿ ಬ್ರಿಟನಿಯದು. ಒಮ್ಮೆ ಮಾತು ಗಾಲಿಷ್, ಒಮ್ಮೆ ರಾಗ ಬ್ರಿಟನಿಯದು, ಕೊಳಲು ಐರಿಷರದು: ಹೀಗೆ ನಡೆಯುತ್ತದೆ ಇವರ ಸಂಸಾರ.

ಧಾಟಿಗಳು ಹೊಂದಿಕೊಂಡರೂ ಅಡಚಣೆ ಇರುವುದು ವೇದಿಕೆಯಲ್ಲಿ. ತಗಡಿನ ಕೊಳಲಿಗೆ ಶ್ರುತಿ ಬದಲಿಸುವ ಅವಕಾಶ ಇಲ್ಲವೆಂದೇ ಹೇಳಬೇಕು. ಸಾಮಾನ್ಯ ಕೊಳಲು ಡಿ ಶ್ರುತಿಯದು. ಗಿಟಾರನ್ನು ಸಿ ಅಥವಾ ಬಿಗೆ ಇಳಿಸಿದರೆ ವಾದಕ ಬೇರೆ ಕೊಳಲು ತೆಗೆಯಬೇಕು. ಅದರ ಎತ್ತರದ ನಾದ ಗಿಟಾರಿನ ಸದ್ದನ್ನು ಸೀಳಿಕೊಂಡು ಬಂದರೂ, ಬೆರಳ ತುದಿಯ ಸಣ್ಣ ಮಿಡಿತಗಳು ಜೋಡಿ ಬಾಸ್ ಡ್ರಮ್ಮಿನಲ್ಲಿ ಮುಳುಗುತ್ತವೆ. ಮೈಕಿಗೆ ಡ್ರಮ್ಮಿನ ಸದ್ದೂ ನುಗ್ಗುವುದರಿಂದ ಕೆಲವು ತಂಡಗಳು ಕೀಬೋರ್ಡಿನಲ್ಲೇ ಕೊಳಲು ನುಡಿಸಿ ಕೈತೊಳೆದುಕೊಳ್ಳುತ್ತವೆ. ಕೇಳಿದವರಿಗೆ ಅದು ತಕ್ಷಣ ಗೊತ್ತಾಗುತ್ತದೆ, ಏಕೆಂದರೆ ಕೀಬೋರ್ಡಿಗೆ ಉಸಿರು ಎಳೆದುಕೊಳ್ಳುವ ಅಗತ್ಯವಿಲ್ಲ.