ಹಲಸಿನ ಹೆಬ್ಬಾಗಿಲು

ಹಲಸೆಂದರೆ ನಮಗೆಲ್ಲ ತೊಳೆಯ ನೆನಪು. ಬಡಗಿಗೆ ಮರದ ನೆನಪು. ಕೊಯ್ದಾಗ ಅರಿಸಿನದಂತಿರುವ ತಿರುಳು ವರ್ಷಗಳು ಕಳೆದಂತೆ ಕೆಂಗಂದಾಗುತ್ತದೆ. ತೇಗದಷ್ಟು ಬೆಲೆಯಿಲ್ಲ ನಿಜ. ಆದರೆ ಬಲಿತ ತಿರುಳಿಗೆ ಗೆದ್ದಲು ಸುಲಭವಾಗಿ ಹತ್ತದು, ಉಳಿಗೂ ಚೆನ್ನಾಗಿ ಒಗ್ಗುತ್ತದೆ. ತಂಜಾವೂರಿನ ವೀಣೆ, ಮೃದಂಗದ ಒಡಲು ಹಲಸಿನದೇ.

ಮಲೆನಾಡಿನ ನಮ್ಮ ಹಳೆಯ ಮನೆ ಕೆಡವುವಾಗ, ಕಪ್ಪಿಟ್ಟ ಹೆಬ್ಬಾಗಿಲನ್ನು ಗುಜರಿಗೆ ಹಾಕೋಣವೆಂದ ತಮ್ಮ. ನನಗೆ ಮಾತೇ ಹೊರಡಲಿಲ್ಲ. ಆಚಾರಿಯವರು ಸುಮ್ಮನೆ ಅಂಚಿಗೊಮ್ಮೆ ಕೀಸುಳಿ ಎಳೆದರು. ಕಪ್ಪಿನಡಿ ಹೊಂಬಣ್ಣ ಮಿನುಗಿತು.

“ಇದು ಇನ್ನೂ ಎರಡು ತಲೆಮಾರು ಬಾಳ್ತದೆ ಮಾರಾಯ್ರೆ!”

ಅಜ್ಜ ನೆಟ್ಟ ಮರ, ಅಪ್ಪ ಮಾಡಿಸಿದ ಬಾಗಿಲು. ಈಗ ಅದು ತಮ್ಮನ ತಾರಸಿ ಮನೆಯ ಮುಂದಿದೆ. ಚಿಲಕವೂ ಹಳೆಯದೇ, ಬೀಗ ಮಾತ್ರ ಹೊಸದು.