ಮೇಲಿನ ಒಂದು ರೂಪಾಯಿ

ತುಂಗಭದ್ರೆ ದಂಡೆಯ ನಮ್ಮ ಮಾಗಳದ ಕಡೆ ಮದುವೆಗೆ ಹೋದವರು ಉಣ್ಣದೆ ಬಂದರೂ ಬಂದಾರು, ಮುಯ್ಯಿ ಬರೆಸದೆ ಬರುವುದಿಲ್ಲ. ಪೆಂಡಾಲಿನ ಬಾಗಿಲಲ್ಲಿ ಮೇಜು ಹಾಕಿಕೊಂಡು ಬರೆಯುತ್ತಿದ್ದವರು ನಮ್ಮ ಸೋದರಮಾವ. ಬರೀ ನೂರರ ನೋಟು ಚಾಚಿದವರನ್ನು ಕನ್ನಡಕದ ಮೇಲಿಂದ ನೋಡಿ, “ಮ್ಯಾಲಿಂದೊಂದು ರೂಪಾಯಿ ಎಲ್ಲಣ್ಣಾ? ಸೊನ್ನಿಗೆ ನಿಲ್ಲಿಸಬಾರ್ದು” ಎನ್ನುವರು.

ಆ ಒಂದು ರೂಪಾಯಿ ಮಾಡುತ್ತಿದ್ದ ಕೆಲಸ ಸಣ್ಣದಲ್ಲ. 100 ಎಂಬುದು ಪರಮ ಧಾರಾಳಿ. 2, 4, 5, 10, 20, 25, 50, ಯಾರು ಬಂದರೂ ಸಮಪಾಲು ಕೊಟ್ಟು ಕಳಿಸುತ್ತದೆ. 101 ಯಾರಿಗೂ ಬಗ್ಗದು, ಅದು ಅವಿಭಾಜ್ಯ. 2, 3, 5, 7ರಿಂದ ಹೋಗದಿದ್ದರೆ ಸಾಕು, ಮುಂದೆ ನೋಡಬೇಕಿಲ್ಲ. 11ರ ವರ್ಗ 121, ಆಗಲೇ 101 ದಾಟಿತು. ಬಡವರ ಮುಯ್ಯಿ 11 ಕೂಡ ಅದೇ ಗಟ್ಟಿ ಕುಲದ್ದು. 51ನ್ನು ಮಾತ್ರ ನಂಬಬೇಡಿ: ಹದಿನೇಳ್ ಮೂರ್ಲೆ ಐವತ್ತೊಂದು.

ಅನುಕೂಲಸ್ಥರು 1001 ಬರೆಸಿದರೆ ಪೆಂಡಾಲೆಲ್ಲ ಗುಜುಗುಜು. ಆದರೆ ಅದು 7, 11, 13ರ ಗುಣಲಬ್ಧ. 10,001 ಇನ್ನೂ ಜೋರಿನ ಮುಯ್ಯಿ. 73ಕ್ಕೇ ಬಾಗಿಲು ತೆರೆಯುತ್ತದೆ. ನಡುವೆ ಬರೀ ಸೊನ್ನೆ, ಎರಡು ತುದಿಗೆ ಒಂದು, ಈ ಜಾತಿಯಲ್ಲಿ 101 ಆದ ಮೇಲೆ ಮತ್ತೊಂದು ಅವಿಭಾಜ್ಯ ಇವತ್ತಿಗೂ ಯಾರಿಗೂ ಸಿಕ್ಕಿಲ್ಲ. ಇಲ್ಲವೇ ಇಲ್ಲ ಎಂದು ಸಾಧಿಸಿದವರೂ ಇಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ 14,28,57,143ನ್ನು 7ರಿಂದ ಗುಣಿಸಿ ನೂರು ಕೋಟಿ ಮೇಲೊಂದು ತಂದರು. ಹಿಂದುಮುಂದು ಒಂದೇ ಆಗಿ ಓದಿಸಿಕೊಳ್ಳುವ ಇಂಥ ಗುಣಲಬ್ಧಗಳನ್ನು ಅವರು ಕೊರಳ ಹಾರವೆಂದರು. ಹಡಗಲಿ ಮಲ್ಲಿಗೆಯ ಸೀಮೆಯವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾರದ ನಡುವೆ ಪದಕ ಕಟ್ಟಿದರೆ ಕಥೆ ಬೇರೆ. ಒಂದು, ಹದಿಮೂರು ಸೊನ್ನೆ, 666, ಮತ್ತೆ ಹದಿಮೂರು ಸೊನ್ನೆ, ಒಂದು: 31 ಅಂಕಿಯ ಈ ಸಂಖ್ಯೆ ಅಪ್ಪಟ ಅವಿಭಾಜ್ಯ. ಕಂಡುಹಿಡಿದವರು ಹಾರ್ವೆ ಡಬ್ನರ್. 666 ಬೈಬಲ್ಲಿನ ಮೃಗದ ಸಂಖ್ಯೆ, 13 ಪಾಶ್ಚಾತ್ಯರಿಗೆ ಅಪಶಕುನ. ಹಾಗಾಗಿ ಕ್ಲಿಫರ್ಡ್ ಪಿಕೋವರ್ ಇದಕ್ಕೆ ಬೆಲ್ಫೆಗೋರ್ ಎಂಬ ದೆವ್ವದ ಹೆಸರಿಟ್ಟರು. ನಮ್ಮ ಮಾವನಾದರೆ ಕೊನೆಯ ಒಂದನ್ನು ನೋಡಿ ಶುಭವೆಂದೇ ಬರೆದುಕೊಳ್ಳುತ್ತಿದ್ದರು.

ಮಾವ ಹೋದ ಮೇಲೆ ಟ್ರಂಕಿನಲ್ಲಿ ಮುಯ್ಯಿ ಬರೆಯುತ್ತಿದ್ದ ನೋಟ್‌ಬುಕ್ಕು ಸಿಕ್ಕಿತು. ಎಡಕ್ಕೆ ಹೊಳಲು, ಹಿರೇಹಡಗಲಿ, ಮೈಲಾರದವರ ಹೆಸರು. ಬಲಕ್ಕೆ 11, 21, 51, 101. ತಿರುಗಿ ಮುಯ್ಯಿ ಮಾಡಿ ಬಂದವರ ಮುಂದೆ ಕೆಂಪು ಟಿಕ್ಕು. ಟಿಕ್ಕಿಲ್ಲದ ಹೆಸರುಗಳಲ್ಲಿ ಅರ್ಧ ಜನ ಈಗಿಲ್ಲ, ಉಳಿದವರ ಮಕ್ಕಳು ಬೆಂಗಳೂರಲ್ಲಿ.

ಈಗ ಒಂದು ರೂಪಾಯಿ ನಾಣ್ಯ ಅಂಟಿಸಿದ ಲಕೋಟೆಯೇ ಅಂಗಡಿಯಲ್ಲಿ ಸಿಗುತ್ತದೆ. ಒಳಗೆ ಐನೂರಿಟ್ಟರೆ 501, ಮೂರಕ್ಕೇ ಒಡೆಯುತ್ತದೆ. ನಾನು ನಾನೂರಿಡುತ್ತೇನೆ, 401 ಯಾರಿಗೂ ಒಡೆಯದು. ಇದನ್ನೆಲ್ಲ ಮನೆಯಾಕೆಗೆ ಬಿಡಿಸಿ ಹೇಳಿದೆ.

“ನೂರು ರೂಪಾಯಿ ಉಳಿಸಾಕ ಇಷ್ಟೆಲ್ಲ ಓದಬೇಕಿತ್ತೇನ್ರೀ?” ಅಂದಳು.